ಕಾಲುವೆಯೊಳಗಿನ ತಾಲೀಮು

ಸುರಪುರದಲ್ಲಿ ನಮ್ಮ ಕಾಲೇಜಿನ ಹುಡುಗಿಯರಿಗೆ ನಾಟಕ ಬರೆದು ಕಲಿಸುತ್ತಿದ್ದ ಅಕ್ಕ ರಂಗಂಪೇಟೆಯವರು. ಕಣ್ಣು ಮುಚ್ಚಿ, ಬೆರಳಿನಿಂದ ತೊಡೆ ತಟ್ಟುತ್ತ ನಮ್ಮ ಮಾತು ಕೇಳುತ್ತಿದ್ದರು. ದನಿ ಇಳಿದರೆ ಸಾಕು, “ಮಾತು ನುಂಗಬ್ಯಾಡವ್ವಾ, ಹಿಂದ ಕುಂತವರು ಮಂದಿ ಅಲ್ಲೇನು?” ಎನ್ನುತ್ತಿದ್ದರು.

ಬೇಸಿಗೆಯಲ್ಲಿ ಬತ್ತಿದ ಕಾಲುವೆಯೊಳಗೇ ತಾಲೀಮು. ಎರಡೂ ಬದಿಯ ಕಾಂಕ್ರೀಟಿಗೆ ಬಡಿದು ದನಿ ಚೆನ್ನಾಗಿ ಮರಳುತ್ತಿತ್ತು. ನನ್ನದು, ಅತ್ತೆಯ ಕಾಟ ತಾಳದೆ ನೀರಿಗೆ ಹಾರಿ ಸಾಯುವ ಸೊಸೆಯ ಪಾತ್ರ.

ಒಂದು ದಿನ ಹೇಳದೆ ಕೇಳದೆ ಕಾಲುವೆಗೆ ನೀರು ಬಿಟ್ಟರು. ಎಲ್ಲರೂ ದಂಡೆ ಹತ್ತಿದರು, ನಾನು ಜಾರಿದೆ. ನೀರು ಎದೆಮಟ್ಟ ಬಂದರೂ ಬಾಯಿಂದ ಸ್ವರ ಹೊರಡಲಿಲ್ಲ. ಅಕ್ಕ ಗೌಡನ ಪಾತ್ರದವಳ ತಲೆಯ ರುಮಾಲು ಬಿಚ್ಚಿ ನನ್ನತ್ತ ಎಸೆದರು.

“ಹಿಡಿ! ಮಾತು ನುಂಗಬ್ಯಾಡ, ಒದರು!”

“ನಾ ಸಾಯಂಗಿಲ್ರೀ ಅಕ್ಕಾರ!” ಎಂದು ಒದರಿದೆ. ಆಗಲೇ ಕೈಗೆ ಬಲ ಬಂತು, ರುಮಾಲು ಬಿಗಿಯಾಗಿ ಹಿಡಿದೆ. ಎಲ್ಲರೂ ಸೇರಿ ಎಳೆದುಕೊಂಡರು. ಈಗಲೂ ನೀರಿನ ಸದ್ದಿಗೆ ನನ್ನ ಅಂಗೈ ತಾನಾಗಿ ಮುಚ್ಚಿಕೊಳ್ಳುತ್ತದೆ.

ಮರುದಿನ ಅಕ್ಕ ನಾಟಕದ ಸೊಸೆಯನ್ನು ಬದುಕಿಸಿದರು.

“ಸೊಸಿ ಸಾಯದಿದ್ರ ಮಂದಿ ಅಳತಾರೇನ್ರಿ?” ಎಂದಳು ಗೌಡನ ಪಾತ್ರದವಳು.

“ಅತ್ತದ್ದು ಸಾಕು. ಆಕಿ ದಂಡಿ ಹತ್ತಿ, ಈಕಿ ನಿನ್ನಿ ಒದರಿದ್ದನ್ನ ಒದರ್ತಾಳ.”

ನಾಟಕದ ದಿನ ಆ ಮಾತು ಹಿಂದೆ ಕುಳಿತವರಿಗೂ ಕೇಳಿಸಿತು.