ಸೀರಿಯಸ್ ಎಂಬ ಮಾತು, ಒಂದು ಹಸಿರು ಸೀರೆ

ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಪಾಠ ಮಾಡಿದವನಿಗೆ ಪದಗಳ ಹುಟ್ಟು ಕೆದಕುವ ಚಟ ಅಂಟಿಕೊಳ್ಳುತ್ತದೆ. ಸೀರಿಯಸ್ ಎಂಬುದು ಲ್ಯಾಟಿನ್ನಿನಿಂದ ಬಂದದ್ದು. ಹಗುರವಲ್ಲದ್ದು, ತೂಕವುಳ್ಳದ್ದು ಎಂದು ಅರ್ಥ. ಭಾರ ಎನ್ನುವುದಕ್ಕಿದ್ದ ಇನ್ನೂ ಹಳೆಯ ಮಾತೊಂದು ಅದರ ಬೇರಿನಲ್ಲಿರಬಹುದಂತೆ. ತರಗತಿಯಲ್ಲಿ ಇದನ್ನೆಲ್ಲ ಜಂಬದಿಂದ ಹೇಳುತ್ತಿದ್ದೆ. ಆದರೆ ನಮ್ಮ ದುರ್ಗದ ಕಡೆ ಆ ಪದಕ್ಕೆ ಇನ್ನೊಂದು ಕೆಲಸವಿದೆ. ಯಾರಾದರೂ ತೀರಿಕೊಂಡರೆ ಹತ್ತಿರದವರಿಗೆ ಫೋನಿನಲ್ಲಿ ಹಾಗೆಂದು ಹೇಳುವುದಿಲ್ಲ. "ಸೀರಿಯಸ್ ಐತೆ, ಹೊರಟು ಬರ್ರಿ" ಅನ್ನುತ್ತಾರೆ, ದಾರಿಯಲ್ಲಿ ಎದೆ ಒಡೆದುಕೊಳ್ಳದಿರಲಿ ಎಂದು. ಅಪ್ಪ ಹೋದಾಗ ನನಗೆ ಹಾಗೇ ಹೇಳಿದ್ದರು. ದೊಡ್ಡಪ್ಪ ಹೋದಾಗ ನಾನೇ ನಾಲ್ಕು ಜನಕ್ಕೆ ಹಾಗೆ ಹೇಳಿದ್ದೆ.

ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಶ್ರೀರಾಂಪುರದ ಭಾವನ ಫೋನು ಬಂತು. "ನಿಮ್ಮಕ್ಕಂಗೆ ಸೀರಿಯಸ್ ಐತಪ್ಪ. ಹೊಸದುರ್ಗದ ಆಸ್ಪತ್ರೆಗೆ ಬಾ. ಅವ್ವನ್ನೂ ಕರ್ಕಂಡ್ ಬಾ." ಅಷ್ಟು ಹೇಳಿ ಇಟ್ಟುಬಿಟ್ಟರು. ಅವ್ವನನ್ನೂ ಎಂದಾಗಲೇ ಅಕ್ಕ ಹೋದಳೆಂದುಕೊಂಡೆ. ಮತ್ತೆ ಫೋನು ಮಾಡಿ ಕೇಳಬಹುದಿತ್ತಲ್ಲ ಎಂದು ಹೆಂಡತಿ ಈಗಲೂ ಬೈಯುತ್ತಾಳೆ. ನಮ್ಮಲ್ಲಿ ಕೇಳುವುದಿಲ್ಲ. ಕೇಳಿದರೆ ಅವರು ಹೇಳಬೇಕಾಗುತ್ತದೆ.

ಬಸ್ಸಿನಲ್ಲಿ ಪಕ್ಕದಲ್ಲೇ ಕೂತಿದ್ದ ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

"ಸೀರಿಯಸ್ ಅಂದ್ರೆ ಏನ್ಲೇ? ಇಂಗ್ಲಿಷ್ ಮೇಷ್ಟ್ರಲ್ಲೇನು ನೀನು, ನೆಟ್ಟಗೆ ಹೇಳು."

"ಜ್ವರ ಜಾಸ್ತಿ ಆಗೈತಂತೆ ಅವ್ವ. ಗ್ಲೂಕೋಸ್ ಹಾಕವ್ರಂತೆ."

"ಮಾತಾಡ್ತಾಳಂತಾ?"

"ಹ್ಞೂಂ, ಮಾತಾಡ್ತಾಳಂತೆ."

ಭಾವ ಇದರಲ್ಲಿ ಒಂದನ್ನೂ ಹೇಳಿರಲಿಲ್ಲ. ಹೆತ್ತವಳ ಮುಂದೆ ಸುಳ್ಳಿನ ಮೇಲೆ ಸುಳ್ಳು ಪೋಣಿಸುತ್ತ ಹೋದೆ.

ಹೊಳಲ್ಕೆರೆಯಲ್ಲಿ ಬಸ್ಸು ಬದಲಿಸಬೇಕಿತ್ತು. ಅವ್ವನನ್ನು ಬೆಂಚಿನ ಮೇಲೆ ಕೂರಿಸಿ, ಎಳನೀರು ತರುತ್ತೇನೆಂದು ಹೋದವನು ಎದುರಿನ ಬಟ್ಟೆ ಅಂಗಡಿಯಲ್ಲಿ ಒಂದು ಹಸಿರು ಸೀರೆ ಕೊಂಡೆ. ಮುತ್ತೈದೆ ಹೋದರೆ ಮೈಮೇಲಿನ ಕೊನೆಯ ಸೀರೆ ತವರಿನದೇ ಆಗಬೇಕು. ತಮ್ಮ ಬರಿಗೈಯಲ್ಲಿ ಬಂದ ಎಂದು ಅಕ್ಕನ ಹೆಣದ ಮುಂದೆ ಜನ ಆಡಿಕೊಳ್ಳಬಾರದು. "ಯಾವ ಫಂಕ್ಷನ್ನಿಗೆ ಸಾರ್?" ಎಂದು ಅಂಗಡಿಯವನು ಕೇಳಿದ. ಸಿಟ್ಟು ನೆತ್ತಿಗೇರಿತು. "ಸುಮ್ನೆ ಕಟ್ಟಿ ಕೊಡಪ್ಪ" ಎಂದೆ. ಸೀರೆಯನ್ನು ಚೀಲದ ತಳಕ್ಕೆ ತುರುಕಿಕೊಂಡು ಬಂದೆ, ಎಳನೀರು ಮರೆತೇಹೋಗಿತ್ತು. ಅವ್ವ ಎದುರಿನ ಅಂಗಡಿ ನೋಡಿದಳು, ಚೀಲ ನೋಡಿದಳು, ಎಳನೀರು ಎಲ್ಲಿ ಎಂದು ಕೇಳಲಿಲ್ಲ. ಅಲ್ಲಿಂದ ಹೊಸದುರ್ಗದವರೆಗೂ ಆ ಚೀಲವನ್ನು ತಾನೇ ತೊಡೆಯ ಮೇಲೆ ಇಟ್ಟುಕೊಂಡಳು.

ಆಸ್ಪತ್ರೆಯ ಗೇಟಿನಲ್ಲೇ ಭಾವ ನಿಂತಿದ್ದರು, ಕಣ್ಣು ಕೆಂಪಗಿತ್ತು. ಅವರ ಕೈ ಹಿಡಿದು ಮೆಲ್ಲಗೆ, "ಎಷ್ಟೊತ್ತಿಗೆ ಆತು?" ಎಂದೆ.

"ಏನ್ ಎಷ್ಟೊತ್ತಿಗೆ? ಡೆಂಗಿ ಅಂತೆ ಕಣಪ್ಪ. ರಾತ್ರಿಯೆಲ್ಲ ಎಚ್ಚರ ಇರಲಿಲ್ಲ. ಈಗ ಕಣ್ಬಿಟ್ಟವ್ಳೆ, ಒಳಗ್ ಹೋಗ್ರಿ."

ಆ ಪುಣ್ಯಾತ್ಮರು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು. ಅವರನ್ನು ತಬ್ಬಿಕೊಳ್ಳಬೇಕೋ ಬೈಯಬೇಕೋ ತಿಳಿಯಲಿಲ್ಲ.

ಒಳಗೆ ಅವ್ವ ಅಕ್ಕನ ಕೆನ್ನೆ ಸವರುತ್ತ ಅಳುತ್ತಿದ್ದಳು. ಮುಖ ಒರೆಸಿಕೊಳ್ಳಲಿ ಎಂದು ಚೀಲದಿಂದ ಟವೆಲ್ ಎಳೆದೆ. ಅದರ ಜೊತೆ ಸೀರೆಯೂ ಬಂದು ಮಂಚದ ಮೇಲೆ ಬಿತ್ತು.

"ಹಬ್ಬ ಇಲ್ಲ ಹುಣ್ಣಿಮೆ ಇಲ್ಲ, ಸೀರೆ ಯಾಕ್ ತಂದ್ಯೋ?" ಅಕ್ಕನ ದನಿ ಸಣ್ಣಗಿತ್ತು.

ನಾನು ಸೀರೆ ಎತ್ತಿಕೊಳ್ಳಹೋದೆ. "ನಾನೇ ತರ್ಸಿದೆ," ಎಂದಳು ಅವ್ವ. "ಹುಷಾರಾದ್ ಮೇಲೆ ಉಟ್ಕ." ಹೊಳಲ್ಕೆರೆಯಿಂದಲೂ ಅವಳು ಎಲ್ಲ ಗೊತ್ತಿದ್ದೇ ನನ್ನ ಪಕ್ಕ ಕೂತಿದ್ದಳು.

ಅಕ್ಕ ಹಸಿರು ಸೀರೆ ನೋಡಿದಳು, ನನ್ನ ಮುಖ ನೋಡಿದಳು. ನಮ್ಮ ಕಡೆ ಹುಟ್ಟಿದವಳಿಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ.

"ಪೆಟ್ಟಿಗೇಲಿ ಇಟ್ಕಂತೀನಿ ಬಿಡು," ಎಂದಳು. "ಆವತ್ತು ನೀನು ಅಂಗಡಿ ಹುಡುಕ್ಕಂಡ್ ಓಡಾಡದ್ ಬ್ಯಾಡ."