ಯಲಿಯೂರಿಗೆ, ಕೊಟ್ಟ ಗಂಟೆ ವಾಪಸು ಕೇಳಲು

ಸೆಪ್ಟೆಂಬರ್ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಏಳೂಕಾಲಿಗೆ ಮಳವಳ್ಳಿಯಲ್ಲಿ ಮದ್ದೂರಿನ ಬಸ್ಸು ಹತ್ತಿದೆ. ರಾತ್ರಿ ಮಳೆ ಬಂದು ಬಿಟ್ಟಿತ್ತು, ನಿಲ್ದಾಣದ ಹೊಂಡಗಳಲ್ಲಿ ನೀರು ನಿಂತಿತ್ತು. ಕೈಯಲ್ಲೊಂದು ಬಟ್ಟೆ ಚೀಲ. ಅದರೊಳಗೆ ವಿಮೆಯ ಅರ್ಜಿ, ಸ್ಕ್ಯಾನಿಂಗ್ ವರದಿ, ನೀರಿನ ಬಾಟಲಿ, ಬದಲಿಗೆ ಒಂದು ಲಂಗ, ಒಂದು ಕಪ್ಪು ಶಾಲು. ಮದ್ದೂರಿಗೆ ಹೋಗಿ, ಅಲ್ಲಿಂದ ಯಲಿಯೂರಿಗೆ ಹೋಗಿ, ಸಂಜೆ ನಾಲ್ಕರೊಳಗೆ ಮಂಡ್ಯದ ಆಫೀಸಿಗೆ ಅರ್ಜಿ ಮುಟ್ಟಿಸಬೇಕಿತ್ತು. ಆ ದಿನವೇ ಕೊನೆಯ ದಿನ.

ನಾನು ಕನ್ನಡ ಪಾಠ ಹೇಳುವವಳು. ಒಂದೇ ಟ್ರಸ್ಟಿನ ಮೂರು ಕಾಲೇಜು, ಮೂರು ಊರು. ಮಳವಳ್ಳಿಯಲ್ಲಿ ವಾರಕ್ಕೆ ಎಂಟು ಗಂಟೆ, ಮದ್ದೂರಿನಲ್ಲಿ ನಾಲ್ಕು, ಮಂಡ್ಯದಲ್ಲಿ ಎರಡು. ಹದಿಮೂರು ವರ್ಷದಿಂದ ಅರೆಕಾಲಿಕ ಉಪನ್ಯಾಸಕಿ, ಅಂದರೆ ಅರ್ಧ ಕಾಲ ಪಾಠ, ಉಳಿದರ್ಧ ಬಸ್ಸು. ಈ ವರ್ಷ ಟ್ರಸ್ಟಿನವರಿಗೆ ನಮ್ಮ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿ, ಅರೆಕಾಲಿಕರಿಗೂ ಆರೋಗ್ಯ ವಿಮೆ ಎಂದು ಸುತ್ತೋಲೆ ಬಂತು. ಹಳೆಯ ಕಾಯಿಲೆಗೂ ಅನ್ವಯಿಸುತ್ತದಂತೆ. ಒಂದೇ ಷರತ್ತು, ಮೂರೂ ಕಾಲೇಜು ಸೇರಿ ವಾರಕ್ಕೆ ಹದಿನೈದು ಗಂಟೆ ಪಾಠ ಇರಬೇಕು. ನನ್ನವು ಹದಿನಾಲ್ಕು.

ಆ ಹದಿನೈದನೆಯ ಗಂಟೆ ನನ್ನದೇ ಆಗಿತ್ತು. ಜೂನ್‌ನಲ್ಲಿ ನಾನೇ ಕೈಯಾರೆ ಕೊಟ್ಟಿದ್ದೆ. ನಮ್ಮಲ್ಲೊಂದು ಪದ್ಧತಿ ಇದೆ. ವೇಳಾಪಟ್ಟಿ ಹಂಚುವಾಗ ಹೊಸಬರು ಬಂದರೆ ಹಳಬರು ತಮ್ಮ ಪಾಲಿನಿಂದ ಒಂದೊಂದು ಗಂಟೆ ಬಿಟ್ಟುಕೊಡುತ್ತಾರೆ. ಯಾರೂ ಕೇಳುವುದಿಲ್ಲ, ಯಾರೂ ಬರೆದಿಡುವುದೂ ಇಲ್ಲ. ನನ್ನ ಮೊದಲ ವರ್ಷ ಮೂವರು ನನಗೆ ಹಾಗೆ ಬಿಟ್ಟುಕೊಟ್ಟಿದ್ದರು. ಈ ವರ್ಷ ರೂಪ ಎಂಬ ಹುಡುಗಿ ಸೇರಿದಳು, ಯಲಿಯೂರಿನ ಸೊಸೆ. ಮಂಡ್ಯ ಕಾಲೇಜಿನ ನನ್ನ ಶನಿವಾರದ ಮೊದಲ ಗಂಟೆಯನ್ನು ಅವಳಿಗೆ ಕೊಟ್ಟು, ಸ್ಟಾಫ್ ರೂಮಿನಲ್ಲಿ ನಾಲ್ಕು ಜನರ ಎದುರು ದೊಡ್ಡ ಮನುಷ್ಯಳಂತೆ ಬೀಗಿದ್ದೆ. ಅದರಿಂದ ಅವಳದ್ದು ಹದಿನೈದಾಯಿತು, ನನ್ನದು ಹದಿನಾಲ್ಕಾಯಿತು. ಆಗ ವಿಮೆಯ ಸುದ್ದಿ ಯಾರಿಗೂ ಗೊತ್ತಿರಲಿಲ್ಲ.

ಆಗಸ್ಟ್‌ನಲ್ಲಿ ನನಗೆ ರಕ್ತಸ್ರಾವ ಶುರುವಾಯಿತು. ಗರ್ಭಕೋಶದಲ್ಲಿ ಗಡ್ಡೆ, ತೆಗೆಯಲೇಬೇಕು, ತಿಂಗಳೊಳಗೆ ಮಾಡಿಸಿ ಎಂದರು ಡಾಕ್ಟರು. ಅವರು ಹೇಳಿದ ಖರ್ಚು ನನ್ನ ಸಂಬಳಕ್ಕೂ ಗಂಡನ ಜೆರಾಕ್ಸ್ ಅಂಗಡಿಗೂ ನಿಲುಕುವಂಥದ್ದಲ್ಲ. ನಮ್ಮದು ಎಪಿಎಲ್ ಕಾರ್ಡು. ಬಡವರ ಯೋಜನೆಗೆ ನಾವು ಶ್ರೀಮಂತರು, ಆಸ್ಪತ್ರೆಯ ಬಿಲ್ಲಿಗೆ ಬಡವರು. ಬೆಳಿಗ್ಗೆ ಹೊರಡುವಾಗ ಗಂಡ, "ನೀನೇ ಕೊಟ್ಟಿದ್ದಲ್ವಾ? ಕೇಳೋದ್ರಲ್ಲಿ ಏನು ತಪ್ಪು?" ಎಂದ. ಕೇಳುವವಳು ಅವನಲ್ಲವಲ್ಲ.

ಬಸ್ಸಿನಲ್ಲಿ ಆಧಾರ್ ತೋರಿಸಿ ಸೊನ್ನೆ ರೂಪಾಯಿ ಟಿಕೆಟ್ ಪಡೆದು ಕಂಬ ಹಿಡಿದು ನಿಂತೆ. ಕಂಡಕ್ಟರು ನನ್ನನ್ನೇ ಎರಡು ಸಲ ನೋಡಿದ.

"ಸೀಟ್ ಐತಲ್ಲಕ್ಕ, ಕುಂತ್ಕೊ. ಯಾಕಿಂಗೆ ನೇತಾಡ್ತಾ ಇದ್ದೀಯ?"

"ಇರಲಿ ಬಿಡಪ್ಪ" ಎಂದೆ. ಕೂತರೆ ಏಳುವಾಗ ಸೀಟು ನೋಡಿಕೊಳ್ಳಬೇಕು, ಹಿಂದೆ ಕೂತವರ ಮುಖ ನೋಡಬೇಕು. ಒಂದು ತಿಂಗಳಿನಿಂದ ನಾನು ಬಸ್ಸಿನಲ್ಲಿ ಕೂತಿರಲಿಲ್ಲ, ತರಗತಿಯಲ್ಲೂ ಕೂತಿರಲಿಲ್ಲ. ಹುಡುಗರು ಮೇಡಂಗೆ ಪಾಠದಲ್ಲಿ ಎಷ್ಟು ಶ್ರದ್ಧೆ ಎಂದುಕೊಂಡಿದ್ದರು.

ಮದ್ದೂರು ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು, ಮುಕ್ಕಾಲು ಗಂಟೆಯ ದಾರಿ. ಕೆ.ಎಂ. ದೊಡ್ಡಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಒಂದರ ಟ್ರೈಲರು ರಸ್ತೆಗೆ ಅಡ್ಡ ತಿರುಗಿಕೊಂಡು ಇಪ್ಪತ್ತು ನಿಮಿಷ ಹೋಯಿತು. ಚಾಲಕನಿಗೂ ಟ್ರ್ಯಾಕ್ಟರಿನವನಿಗೂ, "ಲೇ, ಕಣ್ಣು ಕಾಣ್ಸಾಕಿಲ್ವೇನ್ಲಾ?" "ನಿಂಗ್ ಅರ್ಜೆಂಟಿದ್ರೆ ಆರ್ಕೊಂಡ್ ಓಗು ಕಣ್ಲಾ" ಎಂದು ಮಾತು ಬೆಳೆಯಿತು. ಮಿಕ್ಕವರು ನಗುತ್ತಿದ್ದರು. ನಾನು ಗಡಿಯಾರ ನೋಡುತ್ತಿದ್ದೆ.

ಮದ್ದೂರಿನ ಕಾಲೇಜಿನಲ್ಲಿ ಪ್ರಿನ್ಸಿಪಾಲರು ನನ್ನ ನಾಲ್ಕು ಗಂಟೆಗೆ ಸಹಿ ಹಾಕಿ ಮೊಹರು ಒತ್ತಿದರು. ಮಿಕ್ಕೆರಡು ಕಾಲೇಜಿನ ಸಹಿ ಮೊದಲೇ ಆಗಿತ್ತು. ಅವರು ಕೆಟ್ಟವರಲ್ಲ. "ಒಂದೇ ಒಂದು ಗಂಟೆ ಕಮ್ಮಿ ಆಯ್ತಲ್ಲಮ್ಮ, ಛೆ" ಎಂದು ಮರುಗಿದರು. ಇಲ್ಲೇ ಒಂದು ಗಂಟೆ ಹೆಚ್ಚಿಗೆ ಬರೆಯಬಹುದೇ ಎಂದು ಬಾಯಿಬಿಟ್ಟು ಕೇಳಿದೆ. ಮರುಕ ತಟ್ಟನೆ ನಿಂತುಹೋಯಿತು. "ವೇಳಾಪಟ್ಟಿ ಮಂಡ್ಯದ ಆಫೀಸಲ್ಲಿ ತಾಳೆ ನೋಡ್ತಾರಮ್ಮ" ಎಂದು ಪೆನ್ನಿನ ಮುಚ್ಚಳ ಹಾಕಿಕೊಂಡರು. ಅವರ ಮನೆಯವರೆಲ್ಲರ ಹೆಸರೂ ಅವರ ವಿಮೆಯ ಕಾರ್ಡಿನಲ್ಲಿದೆ, ಅತ್ತೆಯದ್ದೂ ಸೇರಿ.

ರೈಲು ನಿಲ್ದಾಣದಲ್ಲಿ ಹತ್ತು ರೂಪಾಯಿಗೆ ಯಲಿಯೂರಿನ ಟಿಕೆಟ್ ಸಿಕ್ಕಿತು. ಪ್ಲಾಟ್‌ಫಾರ್ಮಿನಲ್ಲಿ ವಡೆಯ ಬದಲು ಎರಡು ಬಾಳೆಹಣ್ಣು ತಿಂದೆ. ಪ್ಯಾಸೆಂಜರು ಮುಕ್ಕಾಲು ಗಂಟೆ ತಡವಾಗಿ ಬಂತು. ಬಾಗಿಲ ಬಳಿ ಗೋಡೆಗೆ ಒರಗಿ ನಿಂತೆ. ರೈಲಿನಲ್ಲಿ ಇರುವ ಒಂದೇ ಸುಖವೆಂದರೆ ಶೌಚಾಲಯ. ಹನಕೆರೆ ಬರುವಷ್ಟರಲ್ಲಿ ಎರಡು ಸಲ ಹೋಗಿ ಬಂದೆ. ಹೊರಗೆ ನಾಲೆ ತುಂಬಿ ಹರಿಯುತ್ತಿತ್ತು, ಗದ್ದೆಗಳೆಲ್ಲ ಹಸಿರು. ನನಗೆ ಆ ಹಸಿರು ನೋಡಿ ಸಿಟ್ಟು ಬಂತು, ಯಾಕೆಂದು ಗೊತ್ತಿಲ್ಲ. ಮಂಡ್ಯದಲ್ಲಿ ಅರ್ಧ ರೈಲು ಖಾಲಿಯಾಯಿತು. ಮುಂದಿನ ನಿಲ್ದಾಣ ಯಲಿಯೂರು, ಅಲ್ಲಿ ಇಳಿದಾಗ ಹನ್ನೆರಡು ದಾಟಿತ್ತು.

ರೂಪಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕಾಲೇಜಿನ ಮೇಡಂ ಮನೆ ಎಂದರೆ ಮೊದಲು ಸಿಕ್ಕ ಅಂಗಡಿಯವರೇ ತೋರಿಸಿದರು. ಬಾಗಿಲು ತೆಗೆದವರು ಅವಳ ಅತ್ತೆ.

"ಬನ್ನಿ ಕಣಮ್ಮ, ಒಳೀಕ್ ಬನ್ನಿ. ಇವ್ಳೇ ಏಳ್ತಿರ್ತಾಳೆ, ನಮ್ ಮೇಡಮ್ಮು ಬಂಗಾರ್ದಂಥೋರು, ನಂಗೊಂದ್ ಗಂಟೆ ಬುಟ್ಟುಕೊಟ್ರು ಅಂತ."

ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ರೂಪ ಎಂ.ಎ. ಪದವಿ ಪಡೆದ ದಿನದ ಫೋಟೊ. ಆ ಮನೆಯಲ್ಲಿ ಅಷ್ಟು ಓದಿದ ಮೊದಲ ಹೆಣ್ಣುಮಗಳು ಅವಳು. ಕುರ್ಚಿ ಹಾಕಿದರು. ಶಾಲನ್ನು ಮಡಿಸಿ ಕೆಳಗೆ ಹಾಸಿಕೊಂಡು ಕೂತೆ. ರೂಪ ಒಳಗಿನಿಂದ ಬಂದಳು, ಮುಖ ಬಿಳಿಚಿಕೊಂಡಿತ್ತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿಬಿಟ್ಟರು.

"ಮೂರ್ ತಿಂಗ್ಳು ಕಣಮ್ಮ ಇವ್ಳಿಗೆ. ಮೊದುಲ್ನೇದು ಉಳೀನಿಲ್ಲ. ಈ ಸಲ ಅದೇನೋ ಇಮೆ ಬತ್ತದಂತಲ್ಲ, ಮಂಡ್ಯದಲ್ಲಿ ದೊಡ್ಡಾಸ್ಪತ್ರೇಲೇ ತೋರ್ಸ್‌ಬೇಕು ಅಂತಾವ್ನೆ ನನ್ ಮಗ."

ಮನುಷ್ಯಳಾದವಳು ಅಲ್ಲಿಗೇ ಎದ್ದು, ಈ ಕಡೆ ಬಂದಿದ್ದೆ, ನೋಡಿಕೊಂಡು ಹೋಗೋಣ ಅಂತ ಬಂದೆ ಎಂದು ಹೇಳಿ ಹೊರಡಬೇಕಿತ್ತು. ಹಾಗೆ ಹೇಳಬೇಕು ಎಂದು ನನಗೆ ಅನಿಸಿತು ಕೂಡ. ಹೇಳಲಿಲ್ಲ. ಅನ್ನ, ಬಸ್ಸಾರು ತಂದಿಟ್ಟರು. ಉಣ್ಣುವ ಮೊದಲೇ ಹೇಳಿಬಿಡಬೇಕು, ಉಂಡ ಮೇಲೆ ಕೇಳುವುದು ಇನ್ನೂ ಹೇಸಿಗೆ ಎಂದುಕೊಂಡು ಸ್ಕ್ಯಾನಿಂಗ್ ವರದಿ ತೆಗೆದು ಮೇಜಿನ ಮೇಲಿಟ್ಟೆ.

"ರೂಪ, ಆ ಶನಿವಾರದ ಗಂಟೆ ನನಗೆ ವಾಪಸು ಬೇಕು."

ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಸುತ್ತೋಲೆಯನ್ನು ಅವಳೂ ಓದಿದ್ದಳು. ನನ್ನ ವರದಿಯನ್ನು ಎತ್ತಿಕೊಂಡು ಕೊನೆಯ ಸಾಲಿನವರೆಗೂ ಓದಿದಳು. ಆಮೇಲೆ ಎದ್ದುಹೋಗಿ ತನ್ನದನ್ನು ತಂದು ಅದರ ಪಕ್ಕದಲ್ಲಿಟ್ಟಳು. ಎರಡೂ ಅದೇ ನುಣುಪು ಕಾಗದ, ಅದೇ ಕಪ್ಪು ಬಿಳುಪು. ಅತ್ತೆ ಕನ್ನಡಕವಿಲ್ಲದೆ ಬಗ್ಗಿ ನನ್ನದರ ಮೇಲೆ ಬೆರಳಿಟ್ಟು, "ಇದಲ್ವೇನಮ್ಮಿ ನಮ್ ಕೂಸು?" ಎಂದರು. ರೂಪ ಅವರ ಕೈಯನ್ನು ಹಿಡಿದು ಇನ್ನೊಂದರ ಮೇಲೆ ಇಟ್ಟಳು.

"ನಾನು ಕೇಳಿರಲಿಲ್ಲ ಮೇಡಂ" ಎಂದಳು. "ನೀವೇ ಕೊಟ್ರಿ. ಎಲ್ಲರ ಮುಂದೆ ಕೊಟ್ರಿ. ಈಗ ಮನೆಗೆ ಬಂದು ವಾಪಸ್ ಕೇಳ್ತೀರ."

"ಹೌದು" ಎಂದೆ.

"ಕೊಡಬ್ಯಾಡ ಕಣಮ್ಮಿ" ಎಂದರು ಅತ್ತೆ. ಈಗ ಅವರ ದನಿಯಲ್ಲಿ ಬಂಗಾರ ಇರಲಿಲ್ಲ. "ಅವ್ರಿಗೆ ಗಡ್ಡೆ, ನಿಂಗೆ ಮಗ. ಯಾವ್ದು ದೊಡ್ದು?"

ರೂಪ ಎರಡು ವರದಿಗಳನ್ನೂ ಮತ್ತೊಮ್ಮೆ ನೋಡಿದಳು. ಕೊನೆಗೆ, "ನಂಗಿನ್ನೂ ಆರು ತಿಂಗಳಿದೆ ಅತ್ತೆ. ಅವರಿಗೆ ಇಲ್ಲ" ಎಂದು ನನ್ನ ಚೀಲದಿಂದ ಅರ್ಜಿ ಎಳೆದುಕೊಂಡು, ಅದರ ಬೆನ್ನಿಗೆ ಶನಿವಾರದ ಮೊದಲ ಗಂಟೆಯನ್ನು ಬಿಟ್ಟುಕೊಟ್ಟಿದ್ದೇನೆ ಎಂದು ಬರೆದು ಸಹಿ ಹಾಕಿದಳು. ನಾನು ಬೇಡ ಎನ್ನಲಿಲ್ಲ. ಆ ಕ್ಷಣ ನನಗೆ ನಾಚಿಕೆಗಿಂತ ಮೊದಲು ಸಮಾಧಾನವಾಯಿತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅತ್ತೆ ಎದ್ದು ಒಳಗೆ ಹೋದವರು ಮತ್ತೆ ಬರಲಿಲ್ಲ. ಅನ್ನ ತಟ್ಟೆಯಲ್ಲೇ ಆರಿತು.

ಬಾಗಿಲವರೆಗೆ ಬಂದ ರೂಪ ಪಠ್ಯಪುಸ್ತಕವನ್ನು ನನ್ನ ಚೀಲಕ್ಕೆ ಹಾಕಿದಳು. "ಎಪ್ಪತ್ತೆರಡನೇ ಪುಟ ಮೇಡಂ, ಮೂರನೇ ಪದ್ಯಕ್ಕೆ ನಿಲ್ಸಿದ್ದೀನಿ. ಪದಗಳ ಅರ್ಥ ಬರ್ಕೊಂಡು ಬನ್ನಿ ಅಂದಿದ್ದೆ. ಹಿಂದಿನ ಬೆಂಚಿನೋರನ್ನ ಮೊದಲು ಕೇಳಿ, ಅವ್ರು ಬರೆದಿರ್ತಾರೆ, ಎದ್ದು ನಿಂತ್ಕೊಂಡು ಹೇಳೋಕೆ ಅಂಜ್ತಾರೆ ಅಷ್ಟೆ." ಬೈದಿದ್ದರೆ ಚೆನ್ನಾಗಿತ್ತು.

ಹೆದ್ದಾರಿಗೆ ನಡೆದು ಷೇರ್ ಆಟೊ ಹಿಡಿದು, ಇಪ್ಪತ್ತು ರೂಪಾಯಿ ಕೊಟ್ಟು ಮಂಡ್ಯ ಮುಟ್ಟಿದೆ. ಆಟೊದಲ್ಲಿ ನಿಲ್ಲಲು ಆಗುವುದಿಲ್ಲ, ಶಾಲು ಹಾಸಿಕೊಂಡೆ. ಬಿಸಿಲು ಚುರುಕಾಗಿತ್ತು. ಟ್ರಸ್ಟಿನ ಆಫೀಸು ತಲುಪಿದಾಗ ಮೂರೂವರೆ. ಗುಮಾಸ್ತರು ಮೂರು ಕಾಲೇಜಿನ ಗಂಟೆಗಳನ್ನು ಬೆರಳು ಮಡಚಿ ಕೂಡಿದರು. ಹದಿನೈದು. ಪಟ್ಟಿ ತೆಗೆದು, ರೂಪಳ ಹೆಸರಿನ ಮೇಲೆ ಸ್ಕೇಲಿಟ್ಟು ನೇರವಾಗಿ ಗೆರೆ ಎಳೆದು, ಮೇಲೆ ಉಳಿದ ಜಾಗದಲ್ಲಿ ನನ್ನ ಹೆಸರು ಬರೆದರು.

"ಆಪರೇಷನ್ ಆದ್ಮೇಲೆ ರೆಸ್ಟ್ ಎಷ್ಟು ವಾರ ಹೇಳಿದ್ದಾರೆ?" ಎಂದು ವರದಿ ನೋಡಿ ಅವರೇ ವಿಚಾರಿಸಿದರು.

"ಆರು ವಾರ."

"ಹಾಗಾದ್ರೆ ಹುಷಾರು ಕಣಮ್ಮ. ಪ್ರತಿ ವಾರ ಹದಿನೈದು ಗಂಟೆ ನಡೆದಿರಬೇಕು. ರಜಾ ಹಾಕಿದ್ರೆ ಗಂಟೆ ಇಳಿಯುತ್ತೆ, ಹೆಸರು ಪಟ್ಟಿಯಿಂದ ಬಿದ್ದೋಗುತ್ತೆ. ನಿಮ್ಮ ಪರವಾಗಿ ಯಾರಾದ್ರೂ ಪಾಠ ಮಾಡ್ಲಿ, ನಾವು ಕೇಳಲ್ಲ."

ವಿಮೆ ಬಳಸಿಕೊಳ್ಳಲು ನಾನು ಹಾಸಿಗೆಯಲ್ಲಿರಬೇಕು, ವಿಮೆ ಉಳಿಸಿಕೊಳ್ಳಲು ತರಗತಿಯಲ್ಲಿರಬೇಕು. ಇದನ್ನು ಬರೆದವರು ಯಾವತ್ತೂ ಜ್ವರ ಬಂದು ಮಲಗಿದವರಲ್ಲ. ಮಳವಳ್ಳಿಯ ಎಂಟು, ಮದ್ದೂರಿನ ನಾಲ್ಕು, ಅಲ್ಲಿನವರ ಕಾಲು ಹಿಡಿದಾದರೂ ಹೊಂದಿಸಬಹುದು. ಮಂಡ್ಯದ ಮೂರು ಗಂಟೆಗೆ ಯಾರು? ಆ ಕಾಲೇಜಿನಲ್ಲಿ ಕನ್ನಡಕ್ಕೆ ಇರುವುದು ಇಬ್ಬರೇ, ನಾನು ಮತ್ತು ರೂಪ.

ಬಸ್ ನಿಲ್ದಾಣದ ಒಂದು ಕಂಬಕ್ಕೆ ಒರಗಿ ನಿಂತು ಅವಳಿಗೆ ಫೋನು ಮಾಡಿದೆ. ಬೆಳಗಿನಿಂದ ಮಾಡಿದ ಕೆಲಸಗಳಲ್ಲಿ ಇದೇ ಅತಿ ನೀಚವಾದದ್ದು, ಅದು ನನಗೆ ಆಗಲೇ ಗೊತ್ತಿತ್ತು. ಎಲ್ಲವನ್ನೂ ಹೇಳಿದೆ. ಆ ಗಂಟೆಗಳ ಸಂಬಳ ನಿನಗೇ ಕೊಡುತ್ತೇನೆ ಎಂದೂ ಹೇಳಿದೆ.

"ಬತ್ತೀನಿ ಮೇಡಂ" ಎಂದಳು. "ಎಲ್ಲಿಗೆ ನಿಲ್ಸಿದ್ದೀನಿ ಅಂತ ನಂಗೇ ತಾನೆ ಗೊತ್ತಿರೋದು."

ನಾನು ಏನೋ ಹೇಳಲು ಹೋದೆ. ಅವಳು ಬಿಡಲಿಲ್ಲ.

"ಮಾರ್ಚಿಗೆ ನಂಗೆ ದಿನ ತುಂಬುತ್ತೆ. ಆಗ ನಾನು ಯಾರ ಮನೆ ಬಾಗಿಲಿಗೆ ಹೋಗ್ಲಿ? ಅದನ್ನೇನಾದ್ರೂ ಆಫೀಸಲ್ಲಿ ಕೇಳಿದ್ರಾ ಮೇಡಂ?"

ಕೇಳಿರಲಿಲ್ಲ. ಅದು ನನ್ನ ತಲೆಗೇ ಬಂದಿರಲಿಲ್ಲ. ಫೋನು ಕಟ್ಟಾಗಿತ್ತು.

ಐದೂವರೆಗೆ ಮಳವಳ್ಳಿಯ ಬಸ್ಸು ಬಂತು. ಬಾಗಿಲ ಪಕ್ಕದಲ್ಲೇ ಎರಡು ಸೀಟು ಖಾಲಿ ಇದ್ದವು, ಕಂಡಕ್ಟರು ಕೂರಲು ಕರೆದ. ಎಪ್ಪತ್ತೆರಡನೇ ಪುಟದಲ್ಲಿ ಬೆರಳಿಟ್ಟುಕೊಂಡು ಊರು ಬರುವ ತನಕ ನಿಂತೇ ಬಂದೆ.