ಉತ್ತರಪತ್ರಿಕೆಯ ಮೇಲೆ ದೊಡ್ಡ ಬಸವಣ್ಣ

ಮುನಿಲಕ್ಷ್ಮಮ್ಮನ ಮುತ್ತಾತ ದೊಡ್ಡಮುನಿಯಪ್ಪ ಕೆಂಪಾಂಬುಧಿ ಕೆರೆಯ ಕೆಳಗೆ ಸೊಪ್ಪು ಬೆಳೆಯುತ್ತಿದ್ದವನು. ಪ್ಲೇಗು ಬಂದು ಪೇಟೆಯ ಜನ ದಿಕ್ಕಾಪಾಲಾದಾಗ ತನ್ನ ರಾಗಿ ಹೊಲದಲ್ಲೇ ಅವರಿಗೆ ಗುಡಿಸಲು ಹಾಕಿಕೊಳ್ಳಲು ಬಿಟ್ಟ. ಆ ವರ್ಷ ಮನೆಯವರು ಅಂಬಲಿ ಕುಡಿದು ಕಾಲ ತಳ್ಳಿದರು. ಅವನ ಮಗ ಮುನಿಶಾಮಪ್ಪ ಬಸವನಗುಡಿ ಬಡಾವಣೆಯ ರಸ್ತೆಗಳಿಗೆ ಎತ್ತಿನ ಗಾಡಿಯಲ್ಲಿ ಜಲ್ಲಿ ಹೊಡೆದ. ನಮ್ಮ ಎತ್ತು ತುಳಿದ ಮೇಲೇ ಈ ರಸ್ತೆ ಗಟ್ಟಿಯಾದದ್ದು ಎಂದು ಸಾಯುವವರೆಗೂ ಹೇಳಿಕೊಂಡ. ಮುನಿಶಾಮಪ್ಪನ ಮಗ ನಾರಾಯಣಪ್ಪ ಮಾತ್ರ ಮಣ್ಣು ಬಿಟ್ಟು ಕಾಗದ ಹಿಡಿದ. ಅವೆನ್ಯೂ ರಸ್ತೆಯ ಒಂದು ಸಂದಿಯಲ್ಲಿ ಪುಸ್ತಕ ಕಟ್ಟುವ ಅಂಗಡಿ ಇಟ್ಟ.

ಎಂಟನೇ ಕ್ಲಾಸಿಗೆ ಓದು ನಿಂತ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಚ್ಚಾದ ಹಾಳೆ ಮಡಿಸಲು ಕಲಿಸಿದ. ಒಂದು ದೊಡ್ಡ ಹಾಳೆ ಮಡಿಸಿದರೆ ಹದಿನಾರು ಪುಟ. ಮೈದಾ ಅಂಟಿನ ಹುಳಿವಾಸನೆಯ ನಡುವೆ ಮುನಿಲಕ್ಷ್ಮಮ್ಮ ಕೈ ಮಡಿಸಿದ್ದನ್ನೆಲ್ಲ ಕಣ್ಣಲ್ಲಿ ಓದುತ್ತಿದ್ದಳು. ಪೋರ್ಚುಗೀಸರ ಹಡಗು ಗೋವೆಯ ದಡಕ್ಕೆ ಬರುತ್ತಿತ್ತು, ಅಷ್ಟರಲ್ಲಿ ಪುಟ ಮುಗಿಯುತ್ತಿತ್ತು. ಇಂಗ್ಲೆಂಡಿನ ದೊರೆಯೊಬ್ಬ ಪೋಪನ ಮೇಲೆ ಮುನಿಸಿಕೊಂಡು ನಾಡಿನ ಇಗರ್ಜಿಗೆಲ್ಲ ತಾನೇ ಯಜಮಾನನಾಗಲು ಹೊರಡುತ್ತಿದ್ದ, ಅಲ್ಲಿಗೇ ಹಾಳೆ ಮುಗಿದುಹೋಗುತ್ತಿತ್ತು. ಮುಂದಿನದು ಎಲ್ಲೋ ಬೇರೆ ಕಟ್ಟಿನಲ್ಲಿ.

"ಆಮೇಲೇನಾಯ್ತಪ್ಪಾ?" ಎಂದು ಕೇಳಿದರೆ ನಾರಾಯಣಪ್ಪ ತಲೆ ಎತ್ತದೆ, "ಆಮೇಲೆ ಅಂಟು ಒಣಗೋಯ್ತು. ಬೇಗ ಹಚ್ಚು," ಎನ್ನುತ್ತಿದ್ದ.

ಆ ಪ್ರಶ್ನೆ ಐವತ್ತು ವರ್ಷ ಅವಳ ಗಂಟಲಲ್ಲೇ ಕೂತಿತ್ತು. ಮದುವೆ, ತ್ಯಾಗರಾಜನಗರದ ಮನೆ, ಮಕ್ಕಳ ಟಿಫನ್ ಡಬ್ಬಿ ಎಲ್ಲ ಮುಗಿದ ಮೇಲೆ ಎಸ್ಸೆಸ್ಸೆಲ್ಸಿ, ಪಿಯುಸಿ ಕಟ್ಟಿ ಪಾಸು ಮಾಡಿ, ಮನೆಯಲ್ಲೇ ಓದುವ ಬಿ.ಎ.ಗೆ ಸೇರಿದಳು. ಅವರೆಕಾಯಿ ಸುಲಿಯುತ್ತ ಪಾಠವನ್ನು ಗಟ್ಟಿಯಾಗಿ ಓದಿಕೊಳ್ಳುವಳು. ಮೆಣಸು ಕೊಳ್ಳಲು ಬಂದ ಕಂಪನಿಯವರು ಕಂದಾಯ ಎತ್ತುವವರಾಗಿ ನಿಂತದ್ದನ್ನು ಓದಿದ ದಿನ ಅಪ್ಪನಿಗೆ ಹೇಳಬೇಕೆನಿಸಿತು. ಅಪ್ಪನಿರಲಿಲ್ಲ. ಅಂಗಡಿಯ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಿದ್ದರು.

ಬೋಳು ಹಾಳೆಯ ಮೇಲೆ ಕೆಲಸ ಶುರು ಮಾಡಬಾರದೆನ್ನುವುದು ನಾರಾಯಣಪ್ಪನ ಪದ್ಧತಿ. ಮೊದಲ ಹಾಳೆಗೆ ಅರಿಸಿನದ ಬೊಟ್ಟಿಡುತ್ತಿದ್ದ. ಮಗಳು ಬೊಟ್ಟಿನ ಬದಲು ಬಸವನಗುಡಿಯ ದೇವರನ್ನು ನೆನೆದು 'ಶ್ರೀ ದೊಡ್ಡ ಬಸವಣ್ಣ ಪ್ರಸನ್ನ' ಎಂದು ಬರೆಯುವುದನ್ನು ರೂಢಿಸಿಕೊಂಡಿದ್ದಳು. ಪರೀಕ್ಷೆಯಲ್ಲಿ ಮಾತ್ರ, ಪತ್ರಿಕೆಯ ಮೇಲೆ ಯಾವ ಗುರುತೂ ಹಾಕುವಂತಿಲ್ಲವೆಂದು, ಮನಸ್ಸಿನಲ್ಲೇ ಹೇಳಿಕೊಂಡು ಕೂರುವಳು. ಕೊನೆಯ ಪತ್ರಿಕೆಯ ದಿನ ಓದಿದ್ದೇ ಬಂದ ಖುಷಿಗೆ ಕೈ ತಾನಾಗಿ ಉತ್ತರಪತ್ರಿಕೆಯ ನೆತ್ತಿಗೆ ಹೋಗಿ ಆ ಸಾಲು ಬರೆದುಬಿಟ್ಟಿತು.

ಫಲಿತಾಂಶ ತಡೆಹಿಡಿದಿದ್ದರು. ವಿಶ್ವವಿದ್ಯಾಲಯಕ್ಕೆ ವಿಚಾರಿಸಲು ಹೋದರೆ ಕೌಂಟರಿನ ತ್ರಿಪುರಸುಂದರಿ ಮೆಲ್ಲಗೆ ಹೇಳಿದಳು: "ಪತ್ರಿಕೆ ಮೇಲೆ ದೇವರ ಹೆಸರು ಬರೆದಿದೀರಮ್ಮ. ಗುರುತು ಮಾಡಿದ ಹಾಗೆ ಲೆಕ್ಕ. ಅದು ರದ್ದು. ಮತ್ತೆ ಬರೆಯೋಕೆ ನಿಮಗಿನ್ನು ಉಳಿದಿರೋದು ಒಂದೇ ಅವಕಾಶ."

"ಒಳಗೆ ಬರೆದದ್ದು?"

"ಒಳಗೆ ಯಾರೂ ನೋಡಿರಲ್ಲಮ್ಮ."

ಆ ಮಾತೇ ಅವಳಿಗೆ ಹೆಚ್ಚು ಚುಚ್ಚಿದ್ದು.

ಸಂಜೆ ತಮ್ಮನ ಮಗ ಅನಿಲ್ ಕುಮಾರ್ ಬಂದ. ಸೈಟು ಮಾರುವ ವ್ಯಾಪಾರ, ಪಕ್ಷದವರ ಜೊತೆ ಓಡಾಟ. ವಿಷಯ ಕೇಳಿ ಸೋಫಾದಲ್ಲಿ ಬಿದ್ದು ನಕ್ಕ.

"ದೇವರನ್ನ ಕರೆದು ಫೇಲಾದೋರು ನೀವೊಬ್ರೇ ಅತ್ತೆ."

"ನಗು, ನಗು. ನೀನು ಕರೀದೇನೇ ಫೇಲಾದೋನು."

"ಸರಿ ಬಿಡಿ. ಅಲ್ಲಿ ಒಳಗೆ ನಮ್ಮೋರೊಬ್ರು ಇದಾರೆ. ಒಂದು ಫೋನ್ ಮಾಡ್ತೀನಿ, ಆ ಮೇಲಿನ ಸಾಲು ಅವರ ಕಣ್ಣಿಗೇ ಬೀಳಲ್ಲ. ಇನ್ನೊಂದು ಸಲ ಮೂರು ಗಂಟೆ ಬರೆಯೋಕೆ ನಿಮ್ಮ ಬೆರಳು ಕೇಳುತ್ತಾ? ಆಗಲಿಲ್ಲ ಅಂದ್ರೆ ಡಿಗ್ರಿನೇ ಹೋಯ್ತು."

ಸುಳ್ಳೇಕೆ, ಮುನಿಲಕ್ಷ್ಮಮ್ಮನಿಗೆ ಒಂದು ಗಳಿಗೆ ಆಸೆಯಾಯಿತು. ಊದಿದ ಬೆರಳ ಗಿಣ್ಣುಗಳನ್ನು ನೀವಿಕೊಳ್ಳುತ್ತ ಕೂತಳು.

"ಅದರೊಳಗೆ ನಾನೇನು ಬರೆದಿದ್ದೆ ಗೊತ್ತಾ ಅನಿಲಾ? ಪಾಪ ಮಾಡಿದೋರಿಗೆ ಇಗರ್ಜಿಯೋರು ಕಾಸಿಗೆ ಕ್ಷಮೆ ಚೀಟಿ ಮಾರ್ತಿದ್ರು. ಒಬ್ಬ ಸನ್ಯಾಸಿ ತಿರುಗಿಬಿದ್ದ, ಅರ್ಧ ಯುರೋಪು ಹೊತ್ಕೊಂತು. ನಾಲ್ಕು ಪುಟ ಬರೆದಿದೀನಿ, ಅವನ ಪರವಾಗಿ."

"ಅದಕ್ಕೂ ಇದಕ್ಕೂ ಏನತ್ತೆ ಸಂಬಂಧ? ನಾನೇನು ಕಾಸು ಕೇಳಿದ್ನಾ?"

ಅವನಾಗಲೇ ಫೋನ್ ತೆಗೆದು ಹೆಸರು ಹುಡುಕುತ್ತಿದ್ದ. ಅವಳು ಕೈ ಚಾಚಿ ಪರದೆಯನ್ನು ಮುಚ್ಚಿದಳು.

"ಜೇಬಿಗೆ ಹಾಕಪ್ಪ. ತಪ್ಪು ನಂದು, ಮತ್ತೆ ಕೂತು ಬರಿಯೋದೂ ನಾನೇ. ಬೆರಳು ನೋಯ್ತದೆ, ನೋಯ್ಲಿ. ನಂಗೆ ಯಾರ ಶಿಫಾರಸೂ ಬೇಡ."